ಎಡದೊಡ್ಡಿಯ ಮರಿಗಳು

ಎದ್ದಾಗಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಲ್ಲುಜ್ಜುವಾಗ ಸುಮ್ಮಸುಮ್ಮನೆ ನಗು ಬಂದು ನೊರೆ ಕನ್ನಡಿಗೆ ಹಾರಿತು. ಒರೆಸಲು ಹೋಗಿ ಅಂಗಿಯ ತೋಳು ಒದ್ದೆ ಮಾಡಿಕೊಂಡ, ಒದ್ದೆ ತೋಳು ನೋಡಿ ಮತ್ತೆ ನಗು ಬಂತು. ಇವತ್ತು ಹಂದಿಮರಿಗಳ ತೂಕ. ಬಲದೊಡ್ಡಿಯಲ್ಲಿರುವ ಅವನ ಮರಿಗಳು ಎಡದೊಡ್ಡಿಯವಕ್ಕಿಂತ ಹೆಚ್ಚು ತೂಗಿದರೆ ಇಡೀ ಫಾರ್ಮಿನ ಮೇವು ಕಲಸುವ ಕೆಲಸ ಅವನ ಕೈಗೆ. ತೂಗದಿದ್ದರೆ ಅವನ ಪುಡಿಯ ಚೀಲಗಳೆಲ್ಲ ಗೇಟಿನ ಆಚೆ, ಅವನು ಪೇಟೆಯಲ್ಲಿ, ಭಾವನ ಮಾಂಸದಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ. ಭಾವ ಇದನ್ನು ಊಟದ ಮೇಜಿನಲ್ಲಿ, ತುತ್ತನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತ, ಹವಾಮಾನದ ಮಾತಾಡಿದಷ್ಟು ಹಗುರವಾಗಿ ಹೇಳಿದ್ದ. ಅವನಿಗೆ ಅವತ್ತು ಕಿವಿ ಬಿಸಿಯಾಗಿತ್ತು. ಇವತ್ತು ಅದೇ ಮಾತು ನೆನೆದರೆ ಕಚಗುಳಿ ಇಟ್ಟಂತಾಗುತ್ತಿತ್ತು. ಅಂಗಡಿಯಂತೆ, ಗಲ್ಲಾಪೆಟ್ಟಿಗೆಯಂತೆ! ಬಲದೊಡ್ಡಿಯ ಮರಿಗಳ ಬೆನ್ನು ನೋಡಿದವರು ಯಾರಾದರೂ ಈ ಮಾತಾಡುತ್ತಾರೆಯೆ? ಬೆನ್ನು ಹೋಗಲಿ, ಲದ್ದಿ ನೋಡಲಿ. ಗಟ್ಟಿಯಾಗಿ, ಮರ್ಯಾದಸ್ಥರ ಮನೆಯದರಂತೆ ಬಿದ್ದಿರುತ್ತಿತ್ತು. ಹಾಲು ಬಿಡಿಸಿದ ಮರಿಗಳ ಲದ್ದಿ ಹಾಗಿರುವುದೇನು ಹುಡುಗಾಟವೆ!

ಮೇವು ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದವನು ಅವನು. ಕಾರ್ಖಾನೆ ಮುಚ್ಚಿದ ಮೇಲೆ ನಾಲ್ಕು ದಿನ ಇದ್ದು ಹೋಗೋಣ ಎಂದು ಅಕ್ಕನ ಮನೆಗೆ ಬಂದಿದ್ದ. ಹಿತ್ತಿಲ ಕಡೆಯ ಕೋಣೆಯಲ್ಲಿ ಅವನ ಪೆಟ್ಟಿಗೆ ಇನ್ನೂ ಅರ್ಧ ಬಿಚ್ಚಿದಂತೆಯೇ ಇತ್ತು. ಪೂರ್ತಿ ಬಿಚ್ಚಲು ನಾಚಿಕೆ, ಕಟ್ಟಲು ಹೋಗುವ ಜಾಗವಿಲ್ಲ. ತಿಂದ ಅನ್ನಕ್ಕೆ ಏನಾದರೂ ಮಾಡಬೇಕೆಂಬ ಹಟದಲ್ಲಿ ಒಂದು ದಿನ ಊಟದ ನಡುವೆ ಬಾಯಿಬಿಟ್ಟಿದ್ದ. "ಪ್ರೋಟೀನು ಅಂದ್ರೆ ಒಂದೇ ವಸ್ತು ಅಲ್ಲ ಭಾವ. ಅದು ಹೊಲಿಗೆ ಇದ್ದ ಹಾಗೆ. ನಿಮ್ಮ ಹತ್ರ ಬಟ್ಟೆ ಥಾನುಗಟ್ಟಲೆ ಇದೆ, ದಾರ ಇದೆ, ಗುಂಡಿ ಮಾತ್ರ ಸ್ವಲ್ಪ ಇದೆ. ಎಷ್ಟು ಅಂಗಿ ಆಗತ್ತೆ? ಗುಂಡಿ ಇದ್ದಷ್ಟೇ. ಮಿಕ್ಕ ಬಟ್ಟೆ ಮರಿ ಹೊಟ್ಟೇಲಿ ಕೊಳೆಯತ್ತೆ. ಅದೇ ಭೇದಿ, ಅದೇ ನಾತ. ನೀವು ಸೋಯಾ ಹಿಂಡಿ ಸುರಿದೂ ಸುರಿದೂ ಬಟ್ಟೆ ಜಾಸ್ತಿ ಮಾಡ್ತಿದೀರಿ. ನಾನು ಹಿಂಡಿ ಇಳಿಸಿ, ಕಡಿಮೆ ಬಿದ್ದ ಅಮೈನೋ ಆಮ್ಲಗಳನ್ನ ಮಾತ್ರ ಪುಡಿ ರೂಪದಲ್ಲಿ ಸೇರಿಸ್ತೀನಿ. ನಾಲ್ಕು ಚಮಚ ಗುಂಡಿ, ಅಷ್ಟೇ." ಭಾವ "ನಾಲ್ಕು ಚಮಚ ಗುಂಡಿ!" ಎಂದು ಕೆಮ್ಮು ಬರುವವರೆಗೆ ನಕ್ಕಿದ್ದ. ಅಕ್ಕ ನೀರು ಕೊಟ್ಟಿದ್ದಳು. ಮರುದಿನ ಬೆಳಗಾಗುವಷ್ಟರಲ್ಲಿ ಅವನು ಇಡೀ ಫಾರ್ಮಿಗೆ ಗುಂಡಿ ಮೇಷ್ಟ್ರಾಗಿದ್ದ. ಆದರೂ ಭಾವ ಕೆಟ್ಟವನಲ್ಲ, ಆಡಿದ ಮಾತಿನ ಮನುಷ್ಯ. ಒಂದೇ ಸಲಕ್ಕೆ ಈದ ಹಂದಿಗಳ ಮರಿಗಳನ್ನು ಎರಡು ಪಾಲು ಮಾಡಿ ಎದುರುಬದುರು ದೊಡ್ಡಿಗಳಿಗೆ ಬಿಡಿಸಿದ. ಬಲಕ್ಕೆ ಮೇಷ್ಟ್ರ ಮೇವು, ನೀಲಿ ಡ್ರಮ್ಮಿನದು. ಎಡಕ್ಕೆ ಹಳೆಯ ಮೇವು, ಕಬ್ಬಿಣದ ಡ್ರಮ್ಮಿನದು. ಹಾಕುವವಳು ಎಂದಿನಂತೆ ಅಕ್ಕ. "ನೀನು ಮಾತ್ರ ಎಡದೊಡ್ಡಿ ಕಡೆ ತಲೆ ಹಾಕ್ಬೇಡಪ್ಪ. ಓದಿದೋರ ಕೈ, ಏನು ಉದುರಿಸ್ತಾವೋ ಏನೋ," ಎಂದಿದ್ದ ಭಾವ, ಕೆಲಸದವರೆಲ್ಲ ನಿಂತಿರುವಾಗಲೇ. ಕಳ್ಳ ಅಂದಂತೆಯೇ ಆಯಿತು. ಅವನು ಹಲ್ಲು ಕಿರಿದು ತಲೆಯಾಡಿಸಿದ್ದ. ಅಂದಿನಿಂದ ಎಡದೊಡ್ಡಿಯ ಕಡೆ ಕತ್ತು ಕೂಡ ತಿರುಗಿಸಿರಲಿಲ್ಲ. ಅತ್ತ ಹೋಗಬೇಕಾದಾಗ ಶೆಡ್ಡಿನ ಹಿಂದಿನಿಂದ ಸುತ್ತು ಹೊಡೆದು ಹೋಗುತ್ತಿದ್ದ.

ಈಗ ಮೇವಿನ ಕೋಣೆಗೆ ಹೋಗಿ, ಬೇಕಿಲ್ಲದಿದ್ದರೂ, ಅಮೈನೋ ಆಮ್ಲಗಳ ಚೀಲಗಳ ಬಾಯಿ ಒಂದೊಂದಾಗಿ ಬಿಚ್ಚಿ ನೋಡಿದ. ಲೈಸಿನ್ ಮಣ್ಣುಬಣ್ಣದ ಹರಳು. ಥ್ರಿಯೋನಿನ್ ಬೆಳ್ಳಗೆ, ಏನೂ ಅರಿಯದವನ ಹಾಗೆ. ಮೆಥಿಯೋನಿನ್‌ಗೆ ಕೊಳೆತ ಕೋಸಿನ ವಾಸನೆ, ಮನೆಗೆ ಬಂದ ಮುಜುಗರದ ನೆಂಟ, ಆದರೆ ಅವನಿಲ್ಲದೆ ಕಾರ್ಯ ನಡೆಯದು. ಎಲ್ಲಕ್ಕಿಂತ ಸಣ್ಣ ಚೀಲ ಟ್ರಿಪ್ಟೋಫ್ಯಾನ್‌ದು. ಅದು ಕಡಿಮೆಯಾದರೆ ಮರಿಗಳಿಗೆ ಹಸಿವೆಯೇ ಮಂದವಾಗುತ್ತದೆ. ಇವನ್ನೆಲ್ಲ ನೇರವಾಗಿ ಡ್ರಮ್ಮಿಗೆ ಸುರಿದರೆ ಒಂದು ಮರಿಗೆ ಹಬ್ಬ, ಇನ್ನೊಂದಕ್ಕೆ ಉಪವಾಸ. ಅದಕ್ಕೆ ಮೊದಲು ಒಂದು ಬೋಗುಣಿ ಜೋಳದ ಹಿಟ್ಟಿನಲ್ಲಿ ಕೈಯಾರೆ ಕಲಸಬೇಕು, ಆ ಬೋಗುಣಿಯನ್ನು ಒಂದು ಬುಟ್ಟಿ ಹಿಟ್ಟಿಗೆ, ಬುಟ್ಟಿಯನ್ನು ಡ್ರಮ್ಮಿಗೆ. ಹೀಗೆ ಚಿಟಿಕೆಯನ್ನು ಹಿಗ್ಗಿಸಿ ಹಿಗ್ಗಿಸಿ ಪ್ರತಿ ಬಾಯಿಗೂ ಮುಟ್ಟಿಸಬೇಕು. ಬೆರಳುಗಳ ನಡುವೆ ಹಿಟ್ಟು ಜಾರುವಾಗ ಅವನಿಗೆ ಪ್ರತಿ ಸಲವೂ ಒಂದು ಹುಚ್ಚು ಸಂತೋಷ ಬರುತ್ತಿತ್ತು: ಕಣ್ಣಿಗೆ ಕಾಣದಷ್ಟು ಕಡಿಮೆ ಇರುವುದು ಎಲ್ಲೆಲ್ಲೂ ಇರುವುದು, ಎಂಥ ತಮಾಷೆ! ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೂತಾಗ ಈ ಸಂತೋಷ ಎಲ್ಲಿತ್ತು? ಅಲ್ಲಿ ಅವನು ಅಳೆದದ್ದನ್ನು ಯಾವುದೋ ಮರಿ ಎಲ್ಲಿಯೋ ತಿನ್ನುತ್ತಿತ್ತು. ಇಲ್ಲಿ ಮೇವಿನ ಬಾನಿಯೊಳಗೆ ಮೂತಿ ಹಾಕಿ, ಮೂಗಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು, ಪಕ್ಕದವನ ಕಿವಿ ತುಳಿದುಕೊಂಡು ಕಣ್ಣೆದುರಿಗೇ ತಿನ್ನುತ್ತಿದ್ದವು. ಎಷ್ಟು ತಿನ್ನುತ್ತಿದ್ದವು ಎಂದರೆ ನೀಲಿ ಡ್ರಮ್ಮು ಅವನ ಲೆಕ್ಕಕ್ಕಿಂತ ಬೇಗ ಬೇಗ ಖಾಲಿಯಾಗುತ್ತಿತ್ತು. "ನೋಡಕ್ಕಾ, ಹಸಿವು ಹೆಂಗೆ ಕೆರಳಿದೆ!" ಎಂದು ಅವನು ಡ್ರಮ್ಮಿನ ತಳ ಬಡಿದು ತೋರಿಸಿದಾಗ ಅಕ್ಕ "ಹೂಂ ಕಣೋ, ತಿಂತಾವೆ," ಎಂದು ಬೇರೆ ಕೆಲಸಕ್ಕೆ ತಿರುಗಿದ್ದಳು. ಅವಳಿಗೂ ಖುಷಿ, ಹೇಳಿಕೊಳ್ಳಲು ಬರುವುದಿಲ್ಲ ಪಾಪ, ಎಂದುಕೊಂಡಿದ್ದ.

ಹೊರಗೆ ತೂಕದ ಪಂಜರವನ್ನು ಎಳೆದು ತರುವ ಸದ್ದಾಯಿತು. ತಂದವನು ದೊಡ್ಡಕೈ. ಹಂದಿದೊಡ್ಡಿ ಗುಡಿಸುವ ಆಳು, ಅವನ ಅಂಗೈ ಮೊರದಗಲ. ಭಾವ ಸ್ನಾನ ಮಾಡಿ, ತಲೆ ಬಾಚಿಕೊಂಡು, ಮದುವೆಮನೆಗೆ ಬಂದವನ ಗತ್ತಿನಲ್ಲಿ ನಿಂತಿದ್ದ. "ಮೊದಲು ಮೇಷ್ಟ್ರ ಮಕ್ಕಳು ಬರ್ಲಿ," ಎಂದ. ದೊಡ್ಡಕೈ ಬಲದೊಡ್ಡಿಯಿಂದ ಒಂದೊಂದೇ ಮರಿಯನ್ನು ಹಿಂಗಾಲು ಹಿಡಿದು ಎತ್ತಿ ಪಂಜರಕ್ಕೆ ಬಿಡುತ್ತಿದ್ದ. ಅವು ಕೊರಳು ಹರಿದುಕೊಳ್ಳುವಂತೆ ಕಿರುಚುತ್ತಿದ್ದವು. ಆ ಕಿರುಚಾಟ ಅವನಿಗೆ ಓಲಗದ ಹಾಗೆ ಕೇಳಿಸಿತು. "ಕಲ್ಲು ಸ್ವಾಮಿ, ಕಲ್ಲು. ರಟ್ಟೆ ಬಿದ್ದುಹೋಯ್ತು," ಎಂದ ದೊಡ್ಡಕೈ. ಮುಳ್ಳು ಅತ್ತ ವಾಲಿ ಮತ್ತೂ ಅತ್ತ ವಾಲಿತು. ಭಾವನ ಹುಬ್ಬು ಮೇಲೆ ಹೋಯಿತು. "ಪರವಾಗಿಲ್ವಲ್ಲೋ!" ಎಂದ. ಪರವಾಗಿಲ್ಲ! ಅವನಿಗೆ ಭಾವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು, ದೊಡ್ಡಕೈಯ ಮೊರದಂಥ ಕೈ ಹಿಡಿದು ಕುಣಿಯಬೇಕೆನ್ನಿಸಿತು. ಪೆಟ್ಟಿಗೆ ಪೂರ್ತಿ ಬಿಚ್ಚಬಹುದು. ಗೋಡೆಗೆ ಒಂದು ಮೊಳೆ ಹೊಡೆದು ಅಂಗಿ ನೇತುಹಾಕಬಹುದು. ಊಟದ ಮೇಜಿನಲ್ಲಿ ಎರಡನೆಯ ಸಲ ಸಾರು ಬಡಿಸಿಕೊಳ್ಳಬಹುದು, ಯಾರ ಮುಖವನ್ನೂ ನೋಡದೆ. ಮೇವಿನ ಕೋಣೆಯ ಬಾಗಿಲಲ್ಲಿ ನಿಂತ ಅಕ್ಕನ ಕಡೆ ನೋಡಿ ಕಣ್ಣು ಮಿಟುಕಿಸಿದ. ಅವಳು ಡ್ರಮ್ಮಿನ ಮುಚ್ಚಳ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

ಆಮೇಲೆ ಎಡದೊಡ್ಡಿಯ ಮರಿಗಳು ಬಂದವು. ಮೊದಲನೆಯದನ್ನು ಎತ್ತುವಾಗಲೇ ದೊಡ್ಡಕೈ "ಉಸ್ಸಪ್ಪಾ," ಎಂದ. ಮುಳ್ಳು ಅತ್ತ ವಾಲಿ ಮತ್ತೂ ಅತ್ತ ವಾಲಿತು. ಎರಡನೆಯದೂ ಅಷ್ಟೇ. ಅವನು ಇದೊಂದು ಅಪವಾದ ಎಂದುಕೊಂಡ, ಇನ್ನೊಂದೂ ಅಪವಾದ ಎಂದುಕೊಂಡ. ಆದರೆ ಅಪವಾದಗಳು ಬಾಲ ತಿರುವಿಕೊಂಡು ಒಂದರ ಹಿಂದೆ ಒಂದು ಪಂಜರದಿಂದ ಇಳಿದು ಹೋಗುತ್ತಲೇ ಇದ್ದವು, ದುಂಡಗೆ, ಗುಲಾಬಿ ಬಣ್ಣಕ್ಕೆ, ಯಾರ ಹಂಗೂ ಇಲ್ಲದವರ ಹಾಗೆ. ಕೊನೆಯದು ಇಳಿಯುವ ಹೊತ್ತಿಗೆ ಭಾವನ ಹೊಟ್ಟೆ ನಗುವಿನಿಂದ ಕುಲುಕುತ್ತಿತ್ತು. "ಏನ್ ಮೇಷ್ಟ್ರೇ! ಗುಂಡಿ ಇಲ್ದೇನೂ ಅಂಗಿ ಮೈಮೇಲೆ ನಿಂತಿದೆಯಲ್ರೀ!" ದೊಡ್ಡಕೈ ನಗಬಾರದೆಂದು ಆಕಾಶ ನೋಡಿದ. ಸೋತವನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ. ಬೆಳಗಿನಿಂದ ಹಿಡಿದ ನಗು ನಿಲ್ಲಿಸಲು ಬರಲಿಲ್ಲ, ನಿಂತರೆ ಅಳು ಬಂದೀತು. "ಹೋದ ಸಲದ ಮರಿಗಳಿಗಿಂತ ಎರಡೂ ದೊಡ್ಡಿಯವು ದಪ್ಪ ಇವೆಯಲ್ಲ ಭಾವ," ಎಂದ. "ಈ ಸಲ ಹವಾ ಚೆನ್ನಾಗಿದೆ," ಎಂದ ಭಾವ.

ನಗುತ್ತಲೇ, ಎಲ್ಲಿ ನಡೆಯುತ್ತಿದ್ದೇನೆಂದು ನೋಡದೆ, ಅವನು ಎಡದೊಡ್ಡಿಯೊಳಗೆ ಹೋಗಿ ನಿಂತಿದ್ದ. ಈಗ ತಡೆಯುವವರು ಯಾರು, ತೂಕ ಮುಗಿಯಿತಲ್ಲ. ಗೋಡೆಗೆ ಕೈ ಕೊಟ್ಟು ದೀರ್ಘವಾಗಿ ಉಸಿರೆಳೆದುಕೊಂಡ. ಇನ್ನೊಂದು ಸಲ ಎಳೆದುಕೊಂಡ. ಏನೋ ಇರಬೇಕಾದದ್ದು ಇಲ್ಲ. ಹಿಂಡಿ ತುಂಬಿದ ಮೇವು ತಿಂದ ಮರಿಗಳ ದೊಡ್ಡಿಯಲ್ಲಿ ಕಣ್ಣು ಉರಿಯುತ್ತದೆ, ಗಂಟಲಿಗೆ ಸೂಜಿ ಚುಚ್ಚುತ್ತದೆ, ಬರಿಗಣ್ಣಲ್ಲಿ ಹೊಕ್ಕವರು ಅಳುತ್ತ ಹೊರಬರುತ್ತಾರೆ. ಇಲ್ಲಿ ಅವನ ಕಣ್ಣು ಒಣಗಿತ್ತು. ಕಾಲಡಿ ನೋಡಿದ. ಲದ್ದಿ ಗಟ್ಟಿಯಾಗಿ ಬಿದ್ದಿತ್ತು, ಮರ್ಯಾದಸ್ಥರ ಮನೆಯದರಂತೆ. ಬಗ್ಗಿ ಬಾನಿಯ ಮೂಲೆಯಿಂದ ಒಂದು ಚಿಟಿಕೆ ಹಿಟ್ಟು ತೆಗೆದು ಮೂಗಿಗೆ ಹಿಡಿದ. ಕೊಳೆತ ಕೋಸು! ಮುಜುಗರದ ನೆಂಟ ಇಲ್ಲೂ ಬಂದು ಕೂತಿದ್ದ! ಗೆದ್ದಿದ್ದೇನೆ, ಎರಡೂ ಕಡೆ ಗೆದ್ದಿದ್ದೇನೆ, ಅದಕ್ಕೇ ಸೋತಿದ್ದೇನೆ. ಅವನು ಹೊರಗೆ ಬಂದು ಅಕ್ಕನನ್ನು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವ ಹಾಗೆ, ಅವಳು ಹಿಟ್ಟಿನ ಕೈಯನ್ನು ಬೆನ್ನ ಹಿಂದೆ ಸೀರೆಗೆ ಒರೆಸಿಕೊಂಡಳು.

"ಅಕ್ಕಾ, ಎಡದೊಡ್ಡಿಗೆ ಏನು ಹಾಕ್ತಿದ್ದೆ?"

"ಊಟ."

"ಯಾವ ಡ್ರಮ್ಮಿಂದು?"

ಅವಳು ಮೇವಿನ ಕೋಣೆಯ ಬಾಗಿಲು ಅರ್ಧ ಮುಂದೆ ಮಾಡಿದಳು. "ಹಾಲು ಬಿಡಿಸಿ ಎರಡು ದಿನ ಆಗಿರಲಿಲ್ಲ, ನೀರು ನೀರು ಆಗಿ ಬಾಲ ಎಲ್ಲ ತೋಯಿಸ್ಕೊಂಡು ಗೋಡೆಗೆ ಒರಗಿ ನಿಂತುಬಿಟ್ವು ಕಣೋ. ಎದುರುಗಡೆ ನೋಡಿದ್ರೆ ಇವುಗಳ ಒಡಹುಟ್ಟಿದವೇ ಉರುಳಾಡ್ಕೊಂಡು ತಿಂತಿದಾವೆ. ಇವು ಸಂದೀಲಿ ಮೂತಿ ಇಟ್ಟು ನೋಡ್ತಾವೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚೋಕೆ ನನ್ನ ಕೈಲಿ ಆಗ್ಲಿಲ್ಲ."

"ಅಯ್ಯೋ, ಅದೇ ಅಲ್ವೇನೇ ಪರೀಕ್ಷೆ! ಮತ್ತೆ ಕಬ್ಬಿಣದ ಡ್ರಮ್ಮಿಂದು ಏನಾಗ್ತಿತ್ತು?"

"ದೊಡ್ಡ ಹಂದಿಗಳಿಗೆ ಹಾಕ್ತಿದ್ದೆ. ಅವಕ್ಕೆ ಏನು ಕೊಟ್ರೂ ಆಗತ್ತೆ." ಆಮೇಲೆ ಅವಳಿಗೇ ಸಿಟ್ಟು ಬಂತು. "ನೀನು ಕಲಸಿದ್ದು ಒಳ್ಳೇದು ಅಂತ ನನಗೆ ಗೊತ್ತಾಗಿತ್ತಲ್ಲ. ಇನ್ನೇನು ಬೇಕಿತ್ತು ನಿನಗೆ?"

ನೀನು ನಂಬಿದರೆ ಸಾಲದು, ತಕ್ಕಡಿ ನಂಬಬೇಕು, ಭಾವ ನಂಬಬೇಕು, ಮುಚ್ಚಿಹೋದ ಕಾರ್ಖಾನೆ ಎಲ್ಲಿಂದಲೋ ಬಂದು ನಂಬಬೇಕು ಎಂದು ಅವನು ಅವಳಿಗೆ ಹೇಳುವುದು ಹೇಗೆ? ಅವಳು ಅವನನ್ನು ದೂಡಿಕೊಂಡೇ ಹೊರಗೆ ಹೋಗಿ ಗಂಡನೆದುರು ನಿಂತಳು. ನಡೆದದ್ದನ್ನು ಅಕ್ಷರಶಃ ಹೇಳಿದಳು, ದೊಡ್ಡಕೈ ಕೇಳಿಸಿಕೊಳ್ಳುತ್ತಿದ್ದಾನೆಂದು ಕೂಡ ನೋಡದೆ. ಭಾವ ಪೂರ್ತಿ ಕೇಳಿದ. ಕೇಳಿ, ಅವಳ ತಲೆ ಸವರುವವನಂತೆ ಮೆಲ್ಲಗೆ ನಕ್ಕ. "ತಮ್ಮನ್ನ ಉಳಿಸೋಕೆ ಎಂಥ ಕಥೆ ಕಟ್ತೀಯೇ ಮಾರಾಯ್ತಿ! ರಕ್ತ ಸಂಬಂಧ ಅಂದ್ರೆ ಇದು." ಅವಳ ಮುಖ ಕೆಂಪಾಯಿತು. ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಆಗುವುದಕ್ಕಿಂತ ನಿಜ ಹೇಳಿ ಸಿಕ್ಕಿಬಿದ್ದವರಿಗೆ ಅವಮಾನ ಹೆಚ್ಚೆಂದು ಅವನಿಗೆ ಆಗ ಗೊತ್ತಾಯಿತು. ಅವನು ಏನಾದರೂ ಹೇಳಬೇಕಿತ್ತು. ಬಾಯಿ ತೆರೆದರೆ ಮತ್ತೆ ಆ ಹಾಳು ನಗು. ಭಾವ ಅದನ್ನೂ ತನಗೆ ಬೇಕಾದಂತೆ ಅರ್ಥ ಮಾಡಿಕೊಂಡು ಅವನ ಬೆನ್ನು ತಟ್ಟಿದ. "ಹೋಗ್ಲಿ ಬಿಡು, ನಾನೂ ಕಟುಕ ಅಲ್ಲ. ಇವತ್ತು ಸಂಜೆ ಹೊಸ ಮರಿಗಳಿಗೆ ಹಾಲು ಬಿಡಿಸ್ತೀವಿ. ಇನ್ನೊಂದು ಸಲ ನೋಡೋಣ. ಈ ಸಲ ಎರಡೂ ದೊಡ್ಡಿಗೆ ನೀನೇ ಕೈಯಾರೆ ಹಾಕು, ನಾನು ಹಿಂದೆ ಬಂದು ನೋಡಲ್ಲ. ಆದ್ರೆ ಈ ಸಲವೂ ಹಿಂಗೇ ಆದ್ರೆ, ಮಾತಿಲ್ಲದೆ ಅಂಗಡಿ. ಆಯ್ತಾ?" "ಆಯ್ತು ಭಾವ," ಎಂದ. ಇದಕ್ಕಿಂತ ದೊಡ್ಡ ಮನಸ್ಸು ಯಾರು ತೋರಿಸುತ್ತಾರೆ! ಮೂರು ವಾರ ಎಡದೊಡ್ಡಿಗೆ ಹಳೆಯ ಮೇವು ಹಾಕಿದರಾಯಿತು, ಗೆಲುವು ಕೈತುತ್ತು. ಅವನು ಮಧ್ಯಾಹ್ನವೆಲ್ಲ ಶಿಳ್ಳೆ ಹಾಕುತ್ತ ಹೊಸದಾಗಿ ಮೇವು ಕಲಸಿದ. ಊಟಕ್ಕೆ ಕರೆದಾಗ ಅಕ್ಕನ ಮುಖ ನೋಡದೆ ಉಂಡ.

ಸಂಜೆ ಇಳಿಬಿಸಿಲು ಶೆಡ್ಡಿನ ಸಂದುಗಳಿಂದ ಬಂದು ಸಿಮೆಂಟಿನ ಮೇಲೆ ಪಟ್ಟೆ ಪಟ್ಟೆ ಬಿದ್ದಿತ್ತು. ಹೊಸ ಮರಿಗಳು ತಾಯಂದಿರನ್ನು ಬಿಟ್ಟು ಬಂದು ಎರಡೂ ದೊಡ್ಡಿಗಳಲ್ಲಿ ಗುಂಪುಗುಂಪಾಗಿ ನಿಂತು ಬೊಬ್ಬೆ ಹೊಡೆಯುತ್ತಿದ್ದವು. ಅವನ ಎರಡೂ ಕೈಯಲ್ಲಿ ಒಂದೊಂದು ಬಕೆಟ್ಟು. ಬಲದೊಡ್ಡಿಗೆ ನೀಲಿ ಡ್ರಮ್ಮಿನದನ್ನು ಸುರಿದ. ಮರಿಗಳು ಮೂಸಿದವು, ಸೀನಿದವು, ಒಂದು ಧೈರ್ಯಸ್ಥ ಮೂತಿ ಹಾಕಿತು, ಉಳಿದವು ಮುಗಿಬಿದ್ದವು. ಅವನು ತಿರುಗಿದ. ಎಡದೊಡ್ಡಿಯ ಮರಿಗಳು ಅಷ್ಟರಲ್ಲಿ ಸಂದಿಗೆ ಬಂದು ಸಾಲಾಗಿ ಮೂತಿ ಇಟ್ಟಿದ್ದವು. ಅವನನ್ನು ನೋಡುತ್ತಿರಲಿಲ್ಲ, ಎದುರಿನ ಬಾನಿಯನ್ನು ನೋಡುತ್ತಿದ್ದವು. ಪಾತ್ರೆಯ ತಳ ಕೆರೆಯುವ ಸದ್ದು ಅವನ ಕಿವಿಯಲ್ಲಿ ಎಲ್ಲಿಂದಲೋ ಶುರುವಾಯಿತು. ಚಿಕ್ಕಂದಿನಲ್ಲಿ, ಓದುವ ಹುಡುಗನೆಂದು ಅವನ ಲೋಟಕ್ಕೆ ಕೆನೆ ಬೀಳುತ್ತಿತ್ತು, ಅಕ್ಕ ಹಾಲಿನ ಪಾತ್ರೆಯ ತಳದಲ್ಲಿ ಸೀದು ಹತ್ತಿದ್ದನ್ನು ಚಮಚದಲ್ಲಿ ಕೆರೆದು ತಿನ್ನುತ್ತಿದ್ದಳು. "ನನಗೆ ಇದೇ ಇಷ್ಟ," ಎನ್ನುತ್ತಿದ್ದಳು. ಅವನು ನಂಬಿದ್ದ. ಎಷ್ಟು ನಂಬಿದ್ದನೆಂದರೆ, ಈ ಮನೆಗೆ ಬಂದ ಹೊಸದರಲ್ಲಿ ಒಂದು ದಿನ ತಾನೇ ಹಾಲು ಕಾಯಿಸಿ, ತಳ ಹತ್ತಿದಾಗ ಜೋಪಾನವಾಗಿ ಕೆರೆದು ಬಟ್ಟಲಿಗೆ ಹಾಕಿ, "ಅಕ್ಕಾ, ನಿನಗೇ ಅಂತ ಇಟ್ಟಿದೀನಿ," ಎಂದು ಪ್ರೀತಿಯಿಂದ ಕೊಟ್ಟಿದ್ದ. ಅವಳು ಒಂದು ಕ್ಷಣ ಬಟ್ಟಲು ನೋಡಿದಳು. ಆಮೇಲೆ ಪೂರ್ತಿ ತಿಂದಳು, ಅವನೆದುರಿಗೇ, ಚೆನ್ನಾಗಿದೆ ಎನ್ನುತ್ತ. ಅಯ್ಯೋ ಪೆದ್ದಾ, ಎಂದು ಅವನು ಈಗ ಜೋರಾಗಿಯೇ ತನ್ನನ್ನು ಬೈದುಕೊಂಡ. ಮರಿಗಳು ಕಿವಿ ನಿಮಿರಿಸಿದವು. ಅಯ್ಯೋ ಶತಪೆದ್ದಾ, ಯಾರಿಗಾದರೂ ಸೀದದ್ದು ಇಷ್ಟವಾಗುತ್ತದೆಯೆ!

ಹಳೆಯ ಮೇವಿನ ಬಕೆಟ್ಟನ್ನು ಅವನು ದೊಡ್ಡ ಹಂದಿಗಳ ಬಾನಿಗೆ ಸುರಿದ. ಶಾಲೆ ತಪ್ಪಿಸಿದ ಹುಡುಗನ ಹಾಗೆ ಮೇವಿನ ಕೋಣೆಗೆ ಓಡಿ ನೀಲಿ ಡ್ರಮ್ಮಿನಿಂದ ಬಕೆಟ್ಟು ತುಂಬಿಸಿಕೊಂಡು ಓಡಿಬಂದು ಎಡದೊಡ್ಡಿಗೆ ಧಬಾರನೆ ಸುರಿದ. ಹಿಟ್ಟು ಮೋಡದಂತೆ ಎದ್ದು ಅವನ ಮುಖಕ್ಕೆ, ಮರಿಗಳ ಮುಖಕ್ಕೆ ಮೆತ್ತಿತು. ಹೋಯಿತು, ಪರೀಕ್ಷೆ ಮಣ್ಣುಪಾಲಾಯಿತು. ಮುಂದಿನ ತೂಕದಲ್ಲಿ ಮುಳ್ಳು ಅತ್ತಲೂ ಅಷ್ಟೇ ವಾಲುತ್ತದೆ, ಇತ್ತಲೂ ಅಷ್ಟೇ ವಾಲುತ್ತದೆ, ಭಾವ ಹೊಟ್ಟೆ ಕುಲುಕಿಸುತ್ತಾನೆ, ಸೋಯಾ ಹಿಂಡಿಗೆ ಜಯಕಾರ ಆಗುತ್ತದೆ, ತಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಪಕ್ಕೆಲುಬು ಬೇಕೆ ತೊಡೆ ಬೇಕೆ ಎಂದು ಜನರನ್ನು ಕೇಳುತ್ತಿರಬೇಕಾಗುತ್ತದೆ. ನಾಳೆ ಬೆಳಗ್ಗೆ ಬುದ್ಧಿ ಬಂದು ಹಳೆಯ ಮೇವು ಹಾಕಬಹುದೇನೋ ಎಂದು ಯೋಚಿಸಿ ನೋಡಿದ. ಬರುವುದಿಲ್ಲವೆಂದು ಗೊತ್ತಿತ್ತು. ಕಟ್ಟೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಬೆಳಗಿನಿಂದ ನಕ್ಕ ನಗುಗಳಲ್ಲಿ ಇದೊಂದು ಮಾತ್ರ ಅವನಿಗೆ ಸುಸ್ತು ತರಲಿಲ್ಲ.

ಶೆಡ್ಡಿನ ಹಿಂದಿನಿಂದ ಅಕ್ಕ ಬಂದಳು, ಅವನು ಸುತ್ತು ಹೊಡೆಯುತ್ತಿದ್ದ ದಾರಿಯಲ್ಲೇ. ಕಂಕುಳಲ್ಲಿ ಒಂದು ಡಬ್ಬಿ, ಅದರ ಮೇಲೆ ಟವೆಲು. ಅವನನ್ನು ನೋಡಿ ತಟಕ್ಕನೆ ನಿಂತಳು. ಹಿಟ್ಟು ಮೆತ್ತಿದ ಅವನ ಮುಖ ನೋಡಿದಳು, ಎಡದೊಡ್ಡಿಯ ಬಾನಿ ನೋಡಿದಳು, ಬಗ್ಗಿ ಒಂದು ಚಿಟಿಕೆ ಮೂಸಿದಳು.

"ಹಾಕ್ಬಿಟ್ಯಾ?"

"ಹಾಕ್ಬಿಟ್ಟೆ."

"ಅಂಗಡಿಗೆ ಹೋಗ್ಬೇಕಾಗತ್ತೆ ಕಣೋ."

"ಹೋದ್ರಾಯ್ತು. ಡಬ್ಬೀಲಿ ಏನು?"

ಅವಳು ಟವೆಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಅದರಡಿಯಿಂದ ಕೊಳೆತ ಕೋಸಿನ ವಾಸನೆ ಬಂತು. ಮುಖ ಬೇರೆ ಕಡೆ ತಿರುಗಿಸಿದಳು.

"ನೀನು ಹಾಕಲ್ಲ ಅಂದ್ಕೊಂಡು ತಂದೆ," ಎಂದಳು.